ಕುಂಬಳ ವರ್ಗದ ಕಾಯಿಗಳು: ಕೆಟ್ಟದ್ದನ್ನು ಗುರುತಿಸುವ ಬಗೆ

ಕುಂಬಳ ವರ್ಗದ ಕಾಯಿಗಳೆಂದರೆ ಕುಕರ್ಬಿಟೇಸಿ ಕುಟುಂಬಕ್ಕೆ ಸೇರಿದ ಬಳ್ಳಿಗಳ ಫಲಗಳು. ಕರ್ನಾಟಕದ ಅಡುಗೆಮನೆಯಲ್ಲಿ ಈ ಬಳಗ ದೊಡ್ಡದು. ಸಿಹಿಗುಂಬಳ, ಬೂದುಗುಂಬಳ, ಸೋರೆ, ಹೀರೆ, ತುಪ್ಪದ ಹೀರೆ, ಪಡವಲ, ಹಾಗಲ, ತೊಂಡೆ, ಸೌತೆ, ಸೀಮೆಬದನೆ ಎಲ್ಲವೂ ಇದರವೇ. ಸೂಪರ್‌ಮಾರ್ಕೆಟ್‌ಗಳ ಮೂಲಕ ಈಚೆಗೆ ಪರಿಚಯವಾದ ಜುಕಿನಿಯೂ ಇದೇ ಬಳಗದ್ದು. ಬೂದುಗುಂಬಳ, ಹೀರೆ, ಸೌತೆಗಳು ಏಷ್ಯಾದ ಬೆಳೆಗಳು. ಸಿಹಿಗುಂಬಳ, ಸೀಮೆಬದನೆ, ಜುಕಿನಿಗಳ ಮೂಲ ಅಮೆರಿಕ ಖಂಡ; ಕೊಲಂಬಸನ ಯಾನದ ನಂತರವೇ ಅವು ಸಮುದ್ರ ದಾಟಿ ಈ ಕಡೆಗೆ ಬಂದದ್ದು. ಇವುಗಳಲ್ಲಿ ಸೀಮೆಬದನೆ ಇಲ್ಲಿನ ಹವೆಗೆ ಎಷ್ಟು ಒಗ್ಗಿತೆಂದರೆ ನೆರೆಯ ತಮಿಳು, ತೆಲುಗು ಸಂತೆಗಳಲ್ಲಿ ಅದು ಬೆಂಗಳೂರಿನ ಹೆಸರು ಹೊತ್ತೇ ಮಾರಾಟವಾಗುತ್ತದೆ. ಈ ಕಾಯಿಗಳು ಹೇಗೆ ಕೆಡುತ್ತವೆ, ಕೆಟ್ಟದ್ದನ್ನು ಕೊಳ್ಳುವಾಗ, ಹೆಚ್ಚುವಾಗ, ಬೇಯಿಸುವಾಗ ಹೇಗೆ ಗುರುತಿಸಬೇಕು ಎಂಬುದು ಇಲ್ಲಿನ ವಿಷಯ. ಉದಾಹರಣೆಗಳು ಹೆಚ್ಚಾಗಿ ಪಶ್ಚಿಮ ಬೆಂಗಳೂರಿನ ರಾಜಾಜಿನಗರ ಮತ್ತು ಅದರ ನೆರೆಹೊರೆಯವು.

ಕೆಡುವ ದೃಷ್ಟಿಯಿಂದ ಇವು ಎರಡು ಗುಂಪು. ಸೋರೆ, ಹೀರೆ, ಪಡವಲ, ತೊಂಡೆ, ಎಳೆಸೌತೆ, ಜುಕಿನಿಗಳನ್ನು ಎಳೆಯದಾಗಿರುವಾಗಲೇ ಕೊಯ್ದು ತಿನ್ನುತ್ತೇವೆ. ಸಿಹಿಗುಂಬಳ, ಬೂದುಗುಂಬಳ, ಕರಾವಳಿಯ ಮಂಗಳೂರು ಸೌತೆಗಳನ್ನು ಬಳ್ಳಿಯಲ್ಲೇ ಬಲಿಯಲು ಬಿಟ್ಟು ಆಮೇಲೆ ಕೊಯ್ಯುತ್ತೇವೆ. ಮೊದಲ ಗುಂಪಿನ ಕಾಯಿಗೆ ಉಗುರು ಸಲೀಸಾಗಿ ಇಳಿದರೆ ಒಳ್ಳೆಯದು. ಎರಡನೆಯದಕ್ಕೆ ಇಳಿದರೆ ಅದು ಎಳಸು, ಬಹಳ ದಿನ ಬಾಳುವುದಿಲ್ಲ. ಎಳೆಯ ಕಾಯಿ ಕೊಯ್ದ ಮೇಲೂ ಜೋರಾಗಿ ಉಸಿರಾಡುತ್ತದೆ, ಬೇಗ ಬಾಡುತ್ತದೆ, ಅದರ ಆಯಸ್ಸು ಹೆಚ್ಚೆಂದರೆ ಒಂದೆರಡು ವಾರ. ಬಲಿತ ಕುಂಬಳದ್ದು ತಿಂಗಳುಗಳ ಲೆಕ್ಕ. ಎರಡನ್ನೂ ಒಂದೇ ಬುಟ್ಟಿಯಲ್ಲಿ ತಂದು ಒಂದೇ ಕಡೆ ಇಟ್ಟು ಒಂದೇ ರೀತಿ ನೋಡಿಕೊಳ್ಳುವುದರಿಂದಲೇ ಮನೆಗಳಲ್ಲಿ ಎಷ್ಟೋ ಕಾಯಿ ಹಾಳಾಗುವುದು.

ತೊಗಟೆ ಮತ್ತು ತೊಟ್ಟು

ಬೂದುಗುಂಬಳ ಮತ್ತು ಸೋರೆಯ ತಿರುಳಿನಲ್ಲಿ ನೂರಕ್ಕೆ ಸುಮಾರು 96 ಪಾಲು ನೀರು. ಸಿಹಿಗುಂಬಳದಲ್ಲೂ 90ಕ್ಕೆ ಕಡಿಮೆಯಿಲ್ಲ. ಟೊಮೆಟೊ, ಮಾವಿನಕಾಯಿಗಳಲ್ಲಿರುವಂಥ ಹುಳಿಯ ರಕ್ಷಣೆ ಇವಕ್ಕಿಲ್ಲ. ಸೂಕ್ಷ್ಮಜೀವಿಗಳಿಗೆ ಒಳಗಿರುವುದೆಲ್ಲ ಸಿದ್ಧ ಆಹಾರ, ಅವನ್ನು ಹೊರಗೆ ತಡೆದು ನಿಲ್ಲಿಸುವುದು ತೊಗಟೆ ಮಾತ್ರ. ಆದ್ದರಿಂದ ಕಾಯಿ ಚೆನ್ನಾಗಿದೆಯೋ ಇಲ್ಲವೋ ಎಂಬ ಪರೀಕ್ಷೆಯೆಂದರೆ ಬಹುಮಟ್ಟಿಗೆ ತೊಗಟೆ ಎಲ್ಲಿ ಬಾಯಿ ಬಿಟ್ಟಿದೆ ಎಂದು ಹುಡುಕುವುದೇ.

ಹಳಬರಿಗೆ ಇದು ಚೆನ್ನಾಗಿ ಗೊತ್ತಿತ್ತು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಮನೆಗಳಲ್ಲಿ ಬೇಸಗೆಯಲ್ಲಿ ಬೆಳೆದ ಮಂಗಳೂರು ಸೌತೆಯನ್ನು ಬಾಳೆನಾರು ಇಲ್ಲವೇ ತೆಂಗಿನ ಗರಿಯಿಂದ ಕಟ್ಟಿ ಮಾಡಿನ ಜಂತಿಗೆ ಸಾಲಾಗಿ ತೂಗುಹಾಕಿ, ತರಕಾರಿ ಸಿಗದ ಮಳೆಗಾಲದಲ್ಲಿ ಒಂದೊಂದೇ ಇಳಿಸಿಕೊಂಡು ಅಡುಗೆ ಮಾಡುತ್ತಿದ್ದರು. ತೂಗಿದ ಕಾಯಿ ಇನ್ನೊಂದಕ್ಕೆ ತಾಗುವುದಿಲ್ಲ, ನೆಲದ ತೇವ ಅದಕ್ಕೆ ಹತ್ತುವುದಿಲ್ಲ, ಸುತ್ತಲೂ ಗಾಳಿಯಾಡುತ್ತದೆ. ರಾಜಾಜಿನಗರದ ಮನೆ, ಅಂಗಡಿಗಳ ಬಾಗಿಲ ಮೇಲೆ ದೃಷ್ಟಿಗೆಂದು ಕಟ್ಟುವ ಬೂದುಗುಂಬಳದಲ್ಲೂ ಇದೇ ಕಾಣುತ್ತದೆ. ಚೆನ್ನಾಗಿ ಬಲಿತು ಬೂದಿ ಕಟ್ಟಿದ ಕಾಯಿ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಎಳಸನ್ನೋ ಪೆಟ್ಟು ತಿಂದದ್ದನ್ನೋ ಕಟ್ಟಿದರೆ ಕೆಲವೇ ವಾರಗಳಲ್ಲಿ ಹೊಸಿಲ ಮೇಲೆ ನೀರು ತೊಟ್ಟಿಕ್ಕತೊಡಗುತ್ತದೆ.

ಕೊಳೆ ಒಳನುಗ್ಗುವ ದಾರಿಗಳು ನಾಲ್ಕೇ: ತೊಟ್ಟು, ಹೂವಿನ ತುದಿ, ನೆಲಕ್ಕೆ ತಾಗಿದ ಮಗ್ಗುಲು, ಗಾಯ. ತೊಟ್ಟು ಒಣಗಿ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅದು ಮುಚ್ಚಳದ ಕೆಲಸ ಮಾಡುತ್ತದೆ. ಒಂದೆರಡು ಅಂಗುಲ ತೊಟ್ಟು ಉಳಿಸಿ ಕೊಯ್ದ ಕುಂಬಳವನ್ನು ಹುಡುಕಿ ಕೊಳ್ಳಬೇಕು. ತೊಟ್ಟು ಹಿಡಿದು ಎತ್ತಬಾರದು, ಅದು ಕಿತ್ತು ಬಂದ ಗುಳಿಯಿಂದಲೇ ಕೊಳೆ ಶುರುವಾಗುತ್ತದೆ. ತೊಟ್ಟಿನ ಸುತ್ತ ಹೆಬ್ಬೆರಳಿಂದ ಒತ್ತಿದಾಗ ಮೆತ್ತಗೆ ತಗ್ಗಿದರೆ ಆ ಕಾಯಿ ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಬಿಡುವುದು ಲೇಸು. ಹೂವಿನ ತುದಿಯ ಕೊಳೆ ಮಳೆಗಾಲದ್ದು. ಬಾಡಿದ ಹೂವಿನ ಮೇಲೆ ಕೊಯಾನೆಫೋರಾ ಎಂಬ ಶಿಲೀಂಧ್ರ ಬೆಳೆದು ಕಾಯಿಯೊಳಕ್ಕೆ ಇಳಿಯುತ್ತದೆ. ಕೊಳೆತ ತುದಿಯನ್ನು ಬೆಳಕಿಗೆ ಹಿಡಿದರೆ ಸಣ್ಣ ಗುಂಡುಸೂಜಿಗಳನ್ನು ಚುಚ್ಚಿಟ್ಟಂತೆ ಕಪ್ಪುತಲೆಯ ಎಳೆಗಳು ಕಾಣುತ್ತವೆ. ಎಳೆಯ ಜುಕಿನಿ, ಸಿಹಿಗುಂಬಳದ ಪಿಂದೆಗಳಲ್ಲಿ ಇದು ಸಾಮಾನ್ಯ.

ಗಾಯಗಳಲ್ಲಿ ದೊಡ್ಡ ಪಾಲು ಹಣ್ಣುನೊಣದ್ದು. ಹೆಣ್ಣುನೊಣ ಎಳೆಗಾಯಿಯ ಸಿಪ್ಪೆಗೆ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಚುಚ್ಚಿದ ಜಾಗದಲ್ಲಿ ಅಂಟಿನ ಹನಿಯೊಂದು ಒಸರಿ ಗಟ್ಟಿಯಾಗಿರುತ್ತದೆ, ಅದರ ಸುತ್ತ ಕಾಯಿ ಸೊಟ್ಟಗಾಗಿರುತ್ತದೆ. ಹೀರೆ, ಪಡವಲ, ಹಾಗಲಗಳಲ್ಲಿ ಇಂಥ ಸೊಟ್ಟ ಕಂಡರೆ ಒಳಗೆ ಹುಳ ಇದ್ದೇ ಇದೆ ಎಂದುಕೊಂಡೇ ಹೆಚ್ಚಬೇಕು. ಹುಳ ಓಡಾಡಿದ ದಾರಿಯಲ್ಲಿ ಬ್ಯಾಕ್ಟೀರಿಯಾಗಳು ಸೇರಿ ತಿರುಳನ್ನು ಲೋಳೆ ಮಾಡುತ್ತವೆ. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿರುವ, 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದ ಅರ್ಕ ಸೂರ್ಯಮುಖಿ ಎಂಬ ಸಣ್ಣ ಕುಂಬಳದ ತಳಿಗೆ ಈ ನೊಣವನ್ನು ತಡೆದುಕೊಳ್ಳುವ ಗುಣವಿದೆ. ಅದೇ ಸಂಸ್ಥೆಯ ಅರ್ಕ ಚಂದನ್ ಸಿಹಿಗುಂಬಳವೂ ಎರಡು ಮೂರು ಕಿಲೋ ತೂಗುವ ಕಾಯಿ. ಚಿಕ್ಕ ಸಂಸಾರಗಳಿಗೆ ಇಂಥ ಕಾಯಿಗಳು ಹೆಚ್ಚು ಬರಬೇಕೆಂಬುದಕ್ಕೆ ಕಾರಣ ಮುಂದೆ ಹೋಳಿನ ಮಾತು ಬಂದಾಗ ತಿಳಿಯುತ್ತದೆ.

ಇನ್ನೊಂದು ಗಾಯ ಕೊಳ್ಳುವವರೇ ಮಾಡುವುದು. ಡಾ. ರಾಜ್‌ಕುಮಾರ್ ರಸ್ತೆಯ ಆಸುಪಾಸಿನ ತಳ್ಳುಗಾಡಿಗಳಲ್ಲಿ ಸಂಜೆ ಹೊತ್ತು ಸೋರೆಕಾಯಿಯೊಂದನ್ನು ತಿರುಗಿಸಿ ನೋಡಿದರೆ ತೊಟ್ಟಿನ ಕೆಳಗೆ ಸಣ್ಣ ಅರ್ಧಚಂದ್ರಗಳ ಸಾಲು ಕಾಣುತ್ತದೆ. ಅವು ಬೆಳಗಿನಿಂದ ಬಂದುಹೋದ ಗಿರಾಕಿಗಳ ಉಗುರಿನ ಗುರುತುಗಳು. ಈಗಷ್ಟೇ ಬಿದ್ದ ಗುರುತು ಹಸಿರಾಗಿ ಒದ್ದೆಯಿರುತ್ತದೆ, ಬೆಳಗಿನದು ಕಂದಿರುತ್ತದೆ, ಹಿಂದಿನ ದಿನದ್ದಾದರೆ ಅದರ ಸುತ್ತ ನೀರುಗಟ್ಟಿದ ಮಚ್ಚೆಯೊಂದು ಹರಡಿರುತ್ತದೆ. ಉಗುರು ಹಾಕಬೇಡಿ ಎಂದು ವ್ಯಾಪಾರಿ ಗದರಿದರೆ ಅದು ಸಿಡುಕಲ್ಲ, ನ್ಯಾಯವೇ. ಎಳೆತನ ತಿಳಿಯಲು ಉಗುರು ಬೇಕಾಗಿಲ್ಲ. ಒಳ್ಳೆಯ ಸೋರೆ ಗಾತ್ರಕ್ಕೆ ಮೀರಿದ ಭಾರವಿರುತ್ತದೆ, ಸಿಪ್ಪೆ ಮಾಸಲಾಗದೆ ಹೊಳೆಯುತ್ತದೆ, ಅಂಗೈಗೆ ಸಣ್ಣ ರೋಮಗಳು ತಾಗುತ್ತವೆ. ಎತ್ತಿದಾಗ ಹಗುರವೆನಿಸಿದರೆ ಒಳಗೆ ಬೆಂಡಾಗಿದೆ. ಹೀರೆಕಾಯಿಯ ತುದಿಯನ್ನು ಮೆಲ್ಲಗೆ ಬಾಗಿಸಿದಾಗ ರಬ್ಬರಿನಂತೆ ಬಳುಕಿದರೆ ಅದು ಬಾಡಿದ್ದು; ಏಣುಗಳು ಕಪ್ಪಾಗಿದ್ದರೆ ಹಳೆಯದು. ಬೆಂಡಾದದ್ದು, ನಾರಾದದ್ದು ರುಚಿಗೆ ಕೆಟ್ಟದ್ದೇ ಹೊರತು ಆರೋಗ್ಯಕ್ಕೆ ಕೆಟ್ಟದ್ದಲ್ಲ. ಲೋಳೆ, ವಾಸನೆ, ನೀರೊಸರುವ ಮಚ್ಚೆ ಇವು ಮಾತ್ರ ನಿಜವಾದ ಕೊಳೆಯ ಗುರುತು.

ಬಲಿತ ಕುಂಬಳಕ್ಕೆ ಬೆರಳ ಗಿಣ್ಣಿನಿಂದ ತಟ್ಟಿ ನೋಡುವುದು ರೂಢಿ. ಟೊಳ್ಳು ದನಿ ಒಳ್ಳೆಯ ಗುರುತು; ಒದ್ದೆ ಮಣ್ಣಿಗೆ ತಟ್ಟಿದಂತೆ ಸದ್ದು ಅಡಗಿದರೆ ಒಳಗೆ ನೀರಾಡಿದೆ. ಕೊಳೆತ ಕುಂಬಳ ಹೊರಗೆ ಸುಳಿವು ಕೊಡದೆಯೂ ಇರಬಹುದು. ಹೋಳು ಮಾಡಿದಾಗ ಬೀಜದ ಸುತ್ತಲಿನ ಎಳೆಗಳು ಜೋತುಬಿದ್ದು ಲೋಳೆಯಾಗಿದ್ದರೆ, ಬೀಜ ಕಪ್ಪಾಗಿದ್ದರೆ, ಹುಳಿ ಇಲ್ಲವೇ ಹೆಂಡದ ವಾಸನೆ ಬಂದರೆ ಪೂರ್ತಿ ಕಾಯಿಯನ್ನು ಹಸಿಕಸಕ್ಕೆ ಹಾಕಬೇಕು, ಚೆನ್ನಾಗಿರುವ ಕಡೆಯಿಂದ ಒಂದು ಹೋಳು ಉಳಿಸಿಕೊಳ್ಳುವ ಆಸೆ ಬೇಡ. ಹೊರಗೆ ಒಂದೇ ಕಡೆ ಸಣ್ಣ ಬೂಷ್ಟಿನ ಮಚ್ಚೆಯಿದ್ದು ಸುತ್ತಲಿನ ತಿರುಳು ಗಟ್ಟಿಯಿದ್ದರೆ ಸುತ್ತಲೂ ಆಳವಾಗಿ, ಒಂದು ಅಂಗುಲಕ್ಕೆ ಕಡಿಮೆಯಿಲ್ಲದಂತೆ, ಕತ್ತರಿಸಿ ತೆಗೆದು ಉಳಿದದ್ದನ್ನು ಬಳಸಬಹುದು. ಸೌತೆ, ಜುಕಿನಿ, ಹೀರೆಯಂಥ ಮೃದು ಕಾಯಿಗೆ ಈ ರಿಯಾಯಿತಿ ಇಲ್ಲ; ಅವುಗಳಲ್ಲಿ ಶಿಲೀಂಧ್ರದ ಎಳೆ ಕಣ್ಣಿಗೆ ಕಾಣುವುದಕ್ಕಿಂತ ಬಹಳ ದೂರ ಹೋಗಿರುತ್ತದೆ.

ಕೆಟ್ಟಂತೆ ಕಂಡರೂ ಕೆಡದವು

ಸುಮ್ಮನೆ ಎಸೆಯುವುದೂ ಒಂದು ನಷ್ಟವೇ. ಬೂದುಗುಂಬಳದ ಮೇಲಿನ ಬಿಳಿ ಪುಡಿ ಕಾಯಿ ತಾನೇ ಹೊರಸೂಸಿದ ಮೇಣ. ಒರೆಸಿದರೆ ಒಣಗಿದ ಪುಡಿ ಬೆರಳಿಗೆ ಬಂದು ಕೆಳಗೆ ಗಟ್ಟಿ ಹಸಿರು ಸಿಪ್ಪೆ ಕಾಣುತ್ತದೆ. ಬೂಷ್ಟಾದರೆ ಒರೆಸಿದ ಜಾಗ ತೇವವಾಗಿ, ಕಂದಾಗಿ, ಮೆತ್ತಗಿರುತ್ತದೆ. ಸಿಹಿಗುಂಬಳದ ಒಂದು ಮಗ್ಗುಲಲ್ಲಿ ಕಾಣುವ ಹಳದಿ ಅಗಲ ಮಚ್ಚೆ ಅದು ಹೊಲದಲ್ಲಿ ಮಲಗಿದ್ದ ಗುರುತು. ಒರಟಾದ ಬಿರಡೆಯಂಥ ಗೆರೆಗಳು ಬಳ್ಳಿಯಲ್ಲಿದ್ದಾಗಲೇ ಮಾಯ್ದ ಗಾಯಗಳು. ಎರಡರಿಂದಲೂ ತೊಂದರೆಯಿಲ್ಲ. ಹೆಚ್ಚಿದ ಮೇಲ್ಮೈಯಲ್ಲಿ ಮೂಡುವ ಮುತ್ತಿನಂಥ ಹನಿಗಳು ರಸವೇ, ತಾಜಾತನದ ಲಕ್ಷಣ. ಸೀಮೆಬದನೆಯ ಸಿಪ್ಪೆ ತೆಗೆಯುವಾಗ ಕೈಗೆ ಅಂಟಿ ಬಿಗಿದುಕೊಳ್ಳುವ ಪೊರೆಯೂ ರಸದ್ದೇ. ನಲ್ಲಿಯ ಕೆಳಗೆ ಹಿಡಿದು ಸಿಪ್ಪೆ ತೆಗೆದರೆ ಆ ಕಾಟವಿಲ್ಲ.

ಸೀಮೆಬದನೆಗೆ ಇನ್ನೊಂದು ವಿಶೇಷವಿದೆ. ಅದರಲ್ಲಿರುವುದು ಒಂದೇ ಬೀಜ, ಅದು ಕಾಯಿಯೊಳಗೇ ಮೊಳೆಯುತ್ತದೆ. ತುದಿಯ ಸೀಳಿನಿಂದ ಮೊಳಕೆ ಇಣುಕಿದ ಕಾಯಿಯನ್ನು ಕೆಟ್ಟಿತೆಂದು ಬಿಸಾಡುವವರಿದ್ದಾರೆ. ತಿರುಳು ಗಟ್ಟಿಯಾಗಿದ್ದರೆ ಕೂಟಿಗೆ ಧಾರಾಳವಾಗಿ ಹಾಕಬಹುದು, ಇಲ್ಲವೇ ಕಾಯಿಯನ್ನು ಇಡಿಯಾಗಿ ನೆಟ್ಟು ಬಳ್ಳಿ ಎಬ್ಬಿಸಬಹುದು. ಸುಕ್ಕುಗಟ್ಟಿ ಒತ್ತಿದರೆ ತಗ್ಗುವಂತಾದರೆ ಮಾತ್ರ ಅಡುಗೆಗೆ ಬೇಡ. ತೊಂಡೆಯ ಒಳಗು ಕೆಂಪಾಗಿರುವುದು, ಹಾಗಲ ಹಳದಿ ತಿರುಗಿ ಬೀಜಕ್ಕೆ ಕೆಂಪು ಮೆತ್ತಿಕೊಳ್ಳುವುದು ಹಣ್ಣಾದ ಗುರುತು, ಕೊಳೆತದ್ದಲ್ಲ.

ಹೋಳಾದ ಮೇಲೆ

ಬೆಂಗಳೂರಿನಲ್ಲಿ ಇಡೀ ಸಿಹಿಗುಂಬಳ ಕೊಳ್ಳುವ ಮನೆಗಳು ಈಗ ಕಡಿಮೆ. ಎಂ.ಎಚ್. ಮರಿಗೌಡರ ಮುಂದಾಳತ್ವದಲ್ಲಿ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದ ಹಾಪ್‌ಕಾಮ್ಸ್‌ನ ಮಳಿಗೆಯಿರಲಿ, ರಸ್ತೆ ಬದಿಯ ಗಾಡಿಯಿರಲಿ, ದೊಡ್ಡ ಕುಂಬಳ ಹೋಳಿನ ಲೆಕ್ಕದಲ್ಲೇ ಹೋಗುತ್ತದೆ. ತಿಂಗಳುಗಟ್ಟಲೆ ಬಾಳುತ್ತಿದ್ದ ಕಾಯಿಗೆ ಕತ್ತಿ ಬಿದ್ದ ಕ್ಷಣದಿಂದ ದಿನಗಳ ಲೆಕ್ಕ ಶುರು. ಹೋಳು ಕೊಳ್ಳುವಾಗ ಮೊದಲು ನೋಡಬೇಕಾದ್ದು ಬೀಜದ ಗುಳಿ. ಎಳೆಗಳು ಬಿಗಿಯಾಗಿ ತಿರುಳಿಗೆ ಅಂಟಿಕೊಂಡಿದ್ದರೆ ಅದೇ ದಿನ ಕತ್ತರಿಸಿದ್ದು. ಅವು ಸಡಿಲವಾಗಿ ಗಾಜಿನಂತೆ ಪಾರದರ್ಶಕವಾಗಿದ್ದರೆ ಹಿಂದಿನ ದಿನದ್ದು, ಬೆರಳಿಗೆ ಜಾರಿದರೆ ಮುಟ್ಟದಿರುವುದೇ ಸರಿ. ಗುಳಿಯನ್ನು ಮೊದಲೇ ಕೆರೆದಿಟ್ಟಿದ್ದರೆ ತಿರುಳಿನ ಅಂಚು ನೋಡಬೇಕು. ಬರಿದೆ ಒಣಗಿ ಬಿಳಿಚಿಕೊಂಡಿದ್ದರೆ ತೆಳ್ಳಗೆ ಕೆತ್ತಿ ಬಳಸಬಹುದು. ಪ್ಲಾಸ್ಟಿಕ್ ಹಾಳೆ ಸುತ್ತಿದ ಹೋಳಿನ ಒಳಗೆ ನೀರು ಬೆವರಿದ್ದರೆ, ತಿರುಳು ಬಣ್ಣಗೆಟ್ಟು ಮಾಸಿದ್ದರೆ ಬೇಡ. ಮನೆಗೆ ತಂದ ಕೂಡಲೇ ಬೀಜ, ಎಳೆಗಳನ್ನು ತೆಗೆದು, ಒದ್ದೆ ಒರೆಸಿ, ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟರೆ ಮೂರು ನಾಲ್ಕು ದಿನ ತಡೆಯುತ್ತದೆ.

ಇಡೀ ಕಾಯಿಗೆ ಮಾತ್ರ ಫ್ರಿಜ್ ಹಿತವಲ್ಲ. ಬಲಿತ ಕುಂಬಳಕ್ಕೆ ಹಿಡಿಸುವುದು 10ರಿಂದ 15 ಡಿಗ್ರಿ ಸೆಲ್ಸಿಯಸ್ ಮತ್ತು ಸಾಧಾರಣ ಒಣಹವೆ. ಬೆಂಗಳೂರಿನ ಡಿಸೆಂಬರ್, ಜನವರಿಯ ರಾತ್ರಿಗಳು ಹೆಚ್ಚುಕಡಿಮೆ ಅದೇ ಮಟ್ಟಕ್ಕೆ ಇಳಿಯುತ್ತವೆ, ಹಾಗಾಗಿ ಚಳಿಗಾಲದಲ್ಲಿ ಸಜ್ಜೆಯ ಮೇಲಿಟ್ಟ ಕಾಯಿ ಚೆನ್ನಾಗಿ ಬಾಳುತ್ತದೆ. ಜುಕಿನಿ, ಸೌತೆಗಳನ್ನು ಫ್ರಿಜ್‌ನ ಅತಿ ತಣ್ಣನೆಯ ಜಾಗದಲ್ಲಿ ಬಹಳ ದಿನ ಇಟ್ಟರೆ ಸಿಪ್ಪೆಯಲ್ಲಿ ಸಣ್ಣ ಗುಳಿಗಳು ಬೀಳುತ್ತವೆ; ಹೊರಗೆ ತೆಗೆದ ಮೇಲೆ ಆ ಗುಳಿಗಳಿಂದಲೇ ಕೊಳೆಯುತ್ತವೆ. ಇದು ಶೀತದ ಪೆಟ್ಟು. ತೊಳೆದು ಇಡುವ ಅಭ್ಯಾಸವೂ ಒಳ್ಳೆಯದಲ್ಲ, ತೊಳೆಯುವುದು ಹೆಚ್ಚುವ ಮುಂಚೆಯೇ ಆಗಬೇಕು.

ಬೇಯಿಸಿದ ಮೇಲೆ ಹಳಸುವುದು ಬೇರೆ ಸಂಗತಿ. ತೆಂಗಿನಕಾಯಿ ರುಬ್ಬಿ ಹಾಕಿದ ಕೂಟು, ಹುಳಿಗಳು ರಾತ್ರಿ ಹೊರಗೆ ಉಳಿದರೆ ಬೆಳಿಗ್ಗೆ ನೊರೆಗುಳ್ಳೆ, ಹುಳಿವಾಸನೆ, ಸೌಟಿಗೆ ಎಳೆಯಾಗಿ ಬರುವ ರಸ ಇವೇ ಹೇಳುತ್ತವೆ. ಬೂದುಗುಂಬಳದ ಮಜ್ಜಿಗೆಹುಳಿಯಲ್ಲಿ ಮೂಗನ್ನು ನಂಬುವಂತಿಲ್ಲ, ಅದು ಮೊದಲೇ ಹುಳಿ. ಅಲ್ಲಿ ನೊರೆಯನ್ನೂ ಲೋಳೆಯನ್ನೂ ನೋಡಬೇಕು.

ಆಯುಧಪೂಜೆಯ ರಾಶಿ

ಬೂದುಗುಂಬಳ ರಾಶಿರಾಶಿಯಾಗಿ ಕಣ್ಣಿಗೆ ಬೀಳುವುದು ನವರಾತ್ರಿಯಲ್ಲಿ. ಆಯುಧಪೂಜೆಯ ದಿನ ವಾಹನ, ಯಂತ್ರ, ಅಂಗಡಿಗಳಿಗೆ ಪೂಜೆ ಮಾಡಿ ಕುಂಕುಮ ತುಂಬಿದ ಕುಂಬಳ ಒಡೆಯುವುದು ಸಂಪ್ರದಾಯ. ಸ್ವಾತಂತ್ರ್ಯಾನಂತರ ಕೈಗಾರಿಕಾ ಉಪನಗರವಾಗಿ ಬೆಳೆದ ರಾಜಾಜಿನಗರದಲ್ಲಿ ಸಣ್ಣ ಕಾರ್ಖಾನೆ, ಗ್ಯಾರೇಜುಗಳು ಈಗಲೂ ಬೇಕಾದಷ್ಟಿರುವುದರಿಂದ ಅಲ್ಲಿ ಹಬ್ಬಕ್ಕೆ ಮುಂಚೆ ಕುಂಬಳ ಫುಟ್‌ಪಾತ್ ತುಂಬ ಬಂದು ಬೀಳುತ್ತದೆ. ಒಡೆದ ಹೋಳುಗಳು ರಸ್ತೆಯಲ್ಲೇ ಉಳಿದು ದ್ವಿಚಕ್ರ ವಾಹನಗಳು ಜಾರುವುದು, ಮರುದಿನದಿಂದ ಕೊಳೆತ ವಾಸನೆ ಹಬ್ಬುವುದು ಪ್ರತಿ ವರ್ಷದ ತೊಂದರೆ. ಒಡೆದ ಮೇಲೆ ಹೋಳುಗಳನ್ನು ಬದಿಗೆ ಸರಿಸುವುದು ಪೂಜೆಯಷ್ಟೇ ಅಗತ್ಯ.

ಮಾರಾಟವಾಗದ ರಾಶಿ ಹಬ್ಬದ ಮರುದಿನ ತೀರಾ ಅಗ್ಗ. ಅಡುಗೆಗೆ ಕೊಳ್ಳುವವರಿಗೆ ಇದು ಒಳ್ಳೆಯ ಅವಕಾಶ, ಆದರೆ ಕಣ್ಣಿಟ್ಟು ಆರಿಸಬೇಕು. ರಾಶಿಯ ಅಡಿಯ ಕಾಯಿಗಳು ಮೇಲಿನ ಭಾರಕ್ಕೆ ಒಳಗೇ ಜಜ್ಜಿರುತ್ತವೆ, ಆ ಹೊತ್ತಿಗೆ ಹಿಂಗಾರು ಮಳೆ ಬಿದ್ದರೆ ನೆಲದ ಒದ್ದೆಯೂ ಸೇರುತ್ತದೆ. ಬೂದಿ ಒರೆಸಿಹೋಗಿ ಸಿಪ್ಪೆ ಬರಿದಾದ ಕಡೆ ಒತ್ತಿ ನೋಡಿ, ರಾಶಿಯ ಮೇಲಿಂದ, ತೊಟ್ಟಿರುವ, ಎಲ್ಲ ಕಡೆ ಬೂದಿಯಿರುವ ಕಾಯಿ ಎತ್ತಿಕೊಳ್ಳಬೇಕು. ಅಂಥದು ಹಲ್ವಕ್ಕೂ ಬರುತ್ತದೆ, ಬೇಸಗೆಯವರೆಗೆ ಉಳಿದರೆ ಅರಳು ಸಂಡಿಗೆಗೂ ಬರುತ್ತದೆ.

ಕಹಿ

ಈವರೆಗೆ ಹೇಳಿದ ಕೊಳೆಯನ್ನು ಕಣ್ಣು, ಕೈ, ಮೂಗು ಹಿಡಿಯಬಲ್ಲವು. ಈ ವರ್ಗದ ಅತ್ಯಂತ ಅಪಾಯದ ಕಾಯಿ ಮಾತ್ರ ನೋಡಲು ತಾಜಾ, ಮುಟ್ಟಲು ಗಟ್ಟಿ, ವಾಸನೆಯೂ ಇಲ್ಲ. ಅದನ್ನು ಹಿಡಿಯುವುದು ನಾಲಿಗೆ ಒಂದೇ.

ಕುಂಬಳ ವರ್ಗದ ಕಾಡುಬಳ್ಳಿಗಳು ಪ್ರಾಣಿ, ಕೀಟಗಳಿಂದ ತಪ್ಪಿಸಿಕೊಳ್ಳಲು ಕುಕರ್ಬಿಟಾಸಿನ್ ಎಂಬ ಕಡುಕಹಿ ರಾಸಾಯನಿಕಗಳನ್ನು ತಯಾರಿಸುತ್ತವೆ. ಸಾವಿರಾರು ವರ್ಷ ಸಿಹಿಕಾಯಿಯ ಬೀಜವನ್ನೇ ಆರಿಸಿ ಬಿತ್ತಿದ್ದರಿಂದ ನಾವು ತಿನ್ನುವ ತಳಿಗಳಲ್ಲಿ ಅವು ಬಹುಪಾಲು ಅಡಗಿವೆ. ಬಿಸಿಲು, ನೀರಿನ ಕೊರತೆಯಂಥ ಒತ್ತಡ ಬಿದ್ದಾಗ, ಕಹಿ ತಳಿಯೊಂದಿಗೆ ಪರಾಗಸ್ಪರ್ಶವಾಗಿ ಹುಟ್ಟಿದ ಬೀಜ ಬಿತ್ತಿದಾಗ ಅವು ಮತ್ತೆ ತಲೆಯೆತ್ತುತ್ತವೆ. ಅಂಥ ಕಾಯಿ ತಿಂದರೆ ಕೆಲವೇ ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಹೊಟ್ಟೆನೋವು, ವಾಂತಿ, ಭೇದಿ ಶುರುವಾಗುತ್ತದೆ. ತೀವ್ರವಾದರೆ ರಕ್ತವಾಂತಿಯಾಗಿ ರಕ್ತದೊತ್ತಡ ಕುಸಿಯುತ್ತದೆ. ಇದಕ್ಕೆ ಪ್ರತ್ಯೇಕ ಮದ್ದಿಲ್ಲ, ಲಕ್ಷಣಗಳಿಗೆ ಚಿಕಿತ್ಸೆ ಕೊಡುವುದೊಂದೇ ದಾರಿ. ಕುಕ್ಕರ್‌ನಲ್ಲಿ ಎಷ್ಟು ಕೂಗಿಸಿದರೂ ಈ ವಿಷ ನಾಶವಾಗುವುದಿಲ್ಲ, ಉಪ್ಪು, ಬೆಲ್ಲ, ಹುಣಸೆ ಹಾಕಿದರೆ ಕಹಿ ಮರೆಯಾಗಬಹುದು ಅಷ್ಟೆ.

ಭಾರತದಲ್ಲಿ ಸೋರೆಕಾಯಿ ರಸದಿಂದ ಇಂಥ ಪ್ರಕರಣಗಳು ನಡೆದಿವೆ. ದೆಹಲಿಯಲ್ಲಿ ಕಹಿ ರಸ ಕುಡಿದವರೊಬ್ಬರು ತೀರಿಕೊಂಡ ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನೇಮಿಸಿದ ತಜ್ಞರ ಸಮಿತಿಯ ವರದಿ 2012ರಲ್ಲಿ ಪ್ರಕಟವಾಯಿತು. ಅದರ ಸಲಹೆ ಸರಳ: ರಸ ತೆಗೆಯುವ ಮುಂಚೆ ಕಾಯಿಯ ಸಣ್ಣ ಚೂರನ್ನು ರುಚಿ ನೋಡಬೇಕು, ಕಹಿಯಿದ್ದರೆ ಪೂರ್ತಿ ಎಸೆಯಬೇಕು, ಸೋರೆಯ ರಸಕ್ಕೆ ಬೇರೆ ರಸ ಬೆರೆಸಬಾರದು, ಕುಡಿದ ಮೇಲೆ ಸಂಕಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬೆರೆಸಬಾರದು ಎಂಬ ಮಾತಿನಲ್ಲಿ ತಿರುಳಿದೆ. ಹಾಗಲದ ರಸ ಸೇರಿದರೆ ಯಾವ ಕಹಿ ಯಾವುದರದ್ದೆಂದು ನಾಲಿಗೆಗೆ ಗೊತ್ತಾಗುವುದಿಲ್ಲ. ಆರೋಗ್ಯಕ್ಕೆ ಎಷ್ಟು ಕಹಿಯಿದ್ದರೆ ಅಷ್ಟು ಒಳ್ಳೆಯದು ಎಂದು ಕಣ್ಣುಮುಚ್ಚಿ ಕುಡಿಯುವವರಿಗೆ ಈ ಎಚ್ಚರ ತಲುಪಲೇಬೇಕು. ಬೆಳಗಿನ ನಡಿಗೆ ಮುಗಿಸಿ ಪಾರ್ಕಿನ ಗೇಟಿನ ಬಳಿ ಸೋರೆ, ಬೂದುಗುಂಬಳದ ರಸ ಕುಡಿಯುವ ರೂಢಿ ಬೆಂಗಳೂರಿನಲ್ಲಿ ಹರಡಿರುವಾಗ ಮೊದಲ ಗುಟುಕು ಕಹಿಯಾದರೆ ಲೋಟ ಕೆಳಗಿಡುವುದರಲ್ಲಿ ಸಂಕೋಚ ಬೇಡ. ಜರ್ಮನಿಯ ಹೈಡನ್‌ಹೈಮ್‌ನಲ್ಲಿ 2015ರಲ್ಲಿ 79 ವರ್ಷದ ಹಿರಿಯರೊಬ್ಬರು ನೆರೆಮನೆಯವರು ಬೆಳೆದು ಕೊಟ್ಟ ಜುಕಿನಿಯ ಅಡುಗೆ ಉಂಡು ತೀರಿಕೊಂಡರು. ಅಲ್ಲೂ ಕಾಯಿ ಕಹಿಯಾಗಿತ್ತು.

ಸೌತೆಯ ತುದಿ ಕತ್ತರಿಸಿ ಉಜ್ಜಿ ನೊರೆ ಬರಿಸುವ ಪದ್ಧತಿ ಎಲ್ಲ ಮನೆಗಳಲ್ಲೂ ಇದೆ. ಕಹಿ ತೊಟ್ಟಿನ ಕಡೆ, ಸಿಪ್ಪೆಯಡಿಯಲ್ಲಿ ಹೆಚ್ಚಿರುವುದರಿಂದ ಆ ತುದಿಯನ್ನು ಕತ್ತರಿಸಿ ಎಸೆಯುವುದರಲ್ಲಿ ಲಾಭವಿದೆ. ಉಜ್ಜಿದ ಮೇಲೂ ಒಂದು ಚೂರು ಬಾಯಿಗೆ ಹಾಕಿಕೊಳ್ಳುವುದನ್ನು ಬಿಡಬಾರದು, ನೊರೆ ಬಂತು ಎಂಬುದು ಕಹಿ ಹೋಯಿತು ಎಂಬುದಕ್ಕೆ ಸಾಕ್ಷಿಯಲ್ಲ. ಸೋರೆ, ಜುಕಿನಿ, ಸಿಹಿಗುಂಬಳಗಳಿಗಂತೂ ಉಜ್ಜುವ ಉಪಾಯ ನಡೆಯುವುದಿಲ್ಲ.

ಬಸವೇಶ್ವರನಗರ, ವಿಜಯನಗರಗಳ ತಾರಸಿ ತೋಟಗಳಲ್ಲಿ ಈ ಅಪಾಯ ಸ್ವಲ್ಪ ಹೆಚ್ಚು. ಅಡುಗೆಗೆ ತಂದ ಕಾಯಿಯ ಬೀಜವನ್ನೋ, ಗೊಬ್ಬರದ ತೊಟ್ಟಿಯಲ್ಲಿ ತಾನಾಗಿ ಎದ್ದ ಬಳ್ಳಿಯನ್ನೋ ಅಲ್ಲಿ ಬೆಳೆಸುತ್ತಾರೆ. ಜೇನ್ನೊಣ ಎಲ್ಲಿಂದ ಪರಾಗ ತಂದಿತ್ತೆಂದು ಯಾರಿಗೂ ತಿಳಿಯದು. ಮಿಶ್ರಣವಾದ ವರ್ಷದ ಕಾಯಿಯಲ್ಲಿ ರುಚಿ ಬದಲಾಗುವುದಿಲ್ಲ, ಅದರ ಬೀಜದಿಂದ ಹುಟ್ಟಿದ ಬಳ್ಳಿಯ ಕಾಯಿಯಲ್ಲಿ ಕಹಿ ಹೊರಬೀಳುತ್ತದೆ. ಅದರಿಂದ ಹೋದ ವರ್ಷ ಸಿಹಿಯಿತ್ತು ಎಂಬ ನೆನಪು ಈ ವರ್ಷದ ಬಳ್ಳಿಗೆ ಅನ್ವಯಿಸುವುದಿಲ್ಲ. ಪ್ರತಿ ಬಳ್ಳಿಯ ಮೊದಲ ಕಾಯಿಯನ್ನು ಹಸಿಯಾಗಿ ಕಡಲೆಬೇಳೆಯಷ್ಟು ನಾಲಿಗೆಗೆ ಮುಟ್ಟಿಸಿ, ಕಹಿಯಾದರೆ ಉಗುಳಿ, ಬಳ್ಳಿಯನ್ನು ಬುಡಸಮೇತ ಕೀಳಬೇಕು, ಅದರ ಬೀಜವನ್ನು ಯಾರಿಗೂ ಹಂಚಬಾರದು.